ನಲವತ್ತಕ್ಕೇ ಅರಳು ಮರಳು

ಕೊಲಂಬಿಯಾ ದೇಶದ ಎರಡನೆಯ ದೊಡ್ಡ ನಗರ ಮೆಡೆಯಿನ್. ಆಂಡೀಸ್ ಪರ್ವತಸಾಲಿನ ಕಣಿವೆಯೊಂದರಲ್ಲಿ, ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ವರ್ಷವಿಡೀ ಹಿತವಾದ ಹವೆ. ಆದ್ದರಿಂದಲೇ ಇದಕ್ಕೆ 'ನಿತ್ಯವಸಂತದ ನಗರ' ಎಂಬ ಬಿರುದು. ಇಲ್ಲಿಂದ ಉತ್ತರಕ್ಕೆ ಕೆರಿಬಿಯನ್ ಕಡಲತೀರದತ್ತ ಹೊರಡುವ ಹೆದ್ದಾರಿ ಕಣಿವೆಯನ್ನು ಬಿಟ್ಟೊಡನೆ ಬೆಟ್ಟ ಹತ್ತತೊಡಗುತ್ತದೆ. ತಿರುವಿನ ಮೇಲೆ ತಿರುವು. ಬಿಸಿಲು ಹಿಂದೆ ಉಳಿಯುತ್ತದೆ, ಮಂಜು ಎದುರಾಗುತ್ತದೆ. ಡಾನ್ ಮತಿಯಾಸ್, ಸಾಂತಾ ರೋಸಾ ದೆ ಓಸೋಸ್ ಎಂಬ ಊರುಗಳನ್ನು ದಾಟುವಷ್ಟರಲ್ಲಿ ಪ್ರಯಾಣಿಕರು ಬೆಚ್ಚನೆಯ ಹೊದಿಕೆ ಹುಡುಕಿಕೊಳ್ಳುತ್ತಾರೆ.

ಇದು ಹೈನುಗಾರಿಕೆಯ ನಾಡು. ಇಕ್ಕೆಲಗಳಲ್ಲೂ ಹಸಿರು ಹಾಸಿದ ಇಳಿಜಾರು, ಅಲ್ಲಲ್ಲಿ ಮೇಯುವ ಕಪ್ಪು ಬಿಳುಪು ಮಚ್ಚೆಯ ಹಸುಗಳು. ಮೆಡೆಯಿನ್‌ನಿಂದ ಸುಮಾರು 120 ಕಿಲೋಮೀಟರ್ ದೂರದಲ್ಲಿ ಯಾರುಮಾಲ್ ಬರುತ್ತದೆ. 1787ರಲ್ಲಿ ನೆಲೆಗೊಂಡ ಈ ಪಟ್ಟಣ ಸುಮಾರು 2,300 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ಶಿಖರಕ್ಕಿಂತಲೂ ಎತ್ತರದಲ್ಲಿ ಒಂದು ಪೇಟೆ, ಶಾಲೆ, ಇಗರ್ಜಿ, ಸಂತೆ ಎಲ್ಲ ಇರುವುದನ್ನು ಊಹಿಸಿಕೊಳ್ಳಬೇಕು! ಬೀದಿಗಳು ಏಣಿಯಂತೆ ಕಡಿದು. ನಡುವೆ ಚೌಕ, ಚೌಕದ ಬದಿಯಲ್ಲಿ ಕರುಣಾಮಾತೆಯ ಹೆಸರಿನ ದೊಡ್ಡ ಇಗರ್ಜಿ. ಸುತ್ತಲ ಕಾಡಿನಲ್ಲಿ ಬೆಳೆಯುವ ಯಾರುಮೋ ಎಂಬ ಮರದಿಂದಾಗಿ ಊರಿಗೆ ಆ ಹೆಸರು ಬಂದಿದೆ.

ಯಾರುಮಾಲ್, ಅದರ ನೆರೆಯ ಆಂಗೊಸ್ತೂರಾ, ಇನ್ನೂ ದಕ್ಷಿಣಕ್ಕಿರುವ ಬೆಲ್ಮಿರಾ ಇವೆಲ್ಲ ಆಂಟಿಯೋಕಿಯಾ ಪ್ರಾಂತಕ್ಕೆ ಸೇರಿದವು. ಆಂಗೊಸ್ತೂರಾಕ್ಕೆ ಬರುವ ಯಾತ್ರಿಕರು ಅಲ್ಲಿ ಪಾದ್ರಿಯಾಗಿದ್ದು 1926ರಲ್ಲಿ ತೀರಿಕೊಂಡ ಮರಿಯಾನಿತೋ ಅವರ ಸಮಾಧಿಗೆ ಕೈಮುಗಿದು ಹೋಗುತ್ತಾರೆ. ಆದರೆ ಜಗತ್ತಿನ ವೈದ್ಯವಿಜ್ಞಾನಿಗಳು ಈ ಬೆಟ್ಟಗಳ ಹೆಸರನ್ನು ನೆನಪಿಟ್ಟುಕೊಂಡಿರುವುದು ಬೇರೆಯದೇ ಕಾರಣಕ್ಕೆ. ಇಲ್ಲಿನ ಕೆಲವು ಮನೆತನಗಳಲ್ಲಿ ನಲವತ್ತು ದಾಟಿದ ಗಟ್ಟಿಮುಟ್ಟಾದ ಜನ ಒಬ್ಬೊಬ್ಬರಾಗಿ ಮರೆವಿಗೆ ಬೀಳುತ್ತಾರೆ.

ಅರವತ್ತಕ್ಕೆ ಅರಳು ಮರಳು ಎನ್ನುವುದು ಕನ್ನಡದ ಗಾದೆ. ಇಲ್ಲಿ ಅದು ನಲವತ್ತಕ್ಕೇ ಬರುತ್ತದೆ.

'ಲಾ ಬೊಬೇರಾ'

ಊರಿನವರು ಈ ಕಾಯಿಲೆಯನ್ನು ಕರೆಯುತ್ತಿದ್ದುದು 'ಲಾ ಬೊಬೇರಾ' ಎಂದು. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ಪೆದ್ದುತನ. ಮೊದಲಿಗೆ ಹೇಳಿದ್ದನ್ನೇ ಹೇಳುವುದು, ಕೇಳಿದ್ದನ್ನೇ ಕೇಳುವುದು. ಆಮೇಲೆ ಮಾತಿನ ನಡುವೆ ಪದ ಸಿಗದೆ ತಡವರಿಸುವುದು, ಹುಟ್ಟಿ ಬೆಳೆದ ಊರಿನಲ್ಲೇ ದಾರಿ ತಪ್ಪುವುದು. ಹಾಲು ಕರೆಯುವ, ಹೊಲ ಉಳುವ, ಮಕ್ಕಳನ್ನು ಶಾಲೆಗೆ ಕಳಿಸುವ ವಯಸ್ಸಿನಲ್ಲಿ ಹೀಗೆ. ಕೆಲವು ವರ್ಷಗಳಲ್ಲಿ ಹೆಂಡತಿ ಮಕ್ಕಳ ಗುರುತೂ ಅಳಿಸಿಹೋಗುತ್ತದೆ. ಕೊನೆಗೆ ನಡೆಯಲಾರದೆ, ನುಂಗಲಾರದೆ ಹಾಸಿಗೆ ಹಿಡಿಯುತ್ತಾರೆ. ಅರವತ್ತು ತುಂಬುವ ಹೊತ್ತಿಗೆ ಹೆಚ್ಚಿನವರು ಇರುವುದಿಲ್ಲ.

ಕಾರಣ ಏನು? ಊರಿನ ಜನ ತಮಗೆ ತೋಚಿದ ಉತ್ತರಗಳನ್ನು ಕಂಡುಕೊಂಡಿದ್ದರು. ಇಗರ್ಜಿಯ ಕಾಣಿಕೆ ಹಣ ಕದ್ದ ಹಿರಿಯನೊಬ್ಬನಿಗೆ ಪಾದ್ರಿ ಕೊಟ್ಟ ಶಾಪ ಎಂದರು ಕೆಲವರು. ಯಾವುದೋ ಮರವನ್ನು ಮುಟ್ಟಿದ್ದರಿಂದ ಬಂತು ಎಂದರು ಇನ್ನು ಕೆಲವರು. ಮಾಟ ಎಂದವರೂ ಉಂಟು. ಅಂಥ ಮನೆಗಳವರು ಸಂಕೋಚದಿಂದ ವಿಷಯ ಮುಚ್ಚಿಡುತ್ತಿದ್ದರು. ಶಾಪವೆಂದ ಮೇಲೆ ತಪ್ಪು ಮಾಡಿದವರು ಯಾರೋ ಇರಲೇಬೇಕಲ್ಲ! ರೋಗದ ಭಾರದ ಜೊತೆಗೆ ಆ ತಪ್ಪಿನ ಭಾರವನ್ನೂ ಮನೆತನ ಹೊರಬೇಕಾಗಿತ್ತು.

1980ರ ದಶಕದ ಆರಂಭದಲ್ಲಿ ಮೆಡೆಯಿನ್‌ನ ಆಂಟಿಯೋಕಿಯಾ ವಿಶ್ವವಿದ್ಯಾಲಯದಲ್ಲಿ ನರರೋಗ ಶಾಸ್ತ್ರ ಓದುತ್ತಿದ್ದ ತರುಣ ವೈದ್ಯ ಫ್ರಾನ್ಸಿಸ್ಕೋ ಲೊಪೆರಾ. 1951ರಲ್ಲಿ ಸಾಂತಾ ರೋಸಾದಲ್ಲಿ ಹುಟ್ಟಿ, ಯಾರುಮಾಲ್‌ನಲ್ಲಿ ಬೆಳೆದವರು. ಅಂದರೆ ಈ ಬೆಟ್ಟಗಳ ಮಗನೇ. ಅವರ ಮುಂದೆ ಬೆಲ್ಮಿರಾದಿಂದ 47 ವರ್ಷದ ರೋಗಿಯೊಬ್ಬರನ್ನು ತಂದು ಕೂರಿಸಿದರು. ಮುದುಕರಲ್ಲಿ ಕಾಣುವ ಮರೆವು ಇಷ್ಟು ಚಿಕ್ಕ ವಯಸ್ಸಿನಲ್ಲಿ! ವಿಚಾರಿಸಿದಾಗ ಅವರ ತಂದೆಗೂ, ತಾತನಿಗೂ, ಒಡಹುಟ್ಟಿದವರಲ್ಲಿ ಕೆಲವರಿಗೂ ಹೀಗೇ ಆಗಿದೆಯೆಂದು ತಿಳಿಯಿತು. ಬೇರೆ ವೈದ್ಯರಾಗಿದ್ದರೆ ಔಷಧಿ ಚೀಟಿ ಬರೆದು ಕಳಿಸುತ್ತಿದ್ದರೇನೋ. ಲೊಪೆರಾ ಆ ಮನೆಯನ್ನು ಹುಡುಕಿಕೊಂಡು ಹೋದರು. ಆ ಕುಟುಂಬದ ವಿವರ 1987ರಲ್ಲಿ ಕೊಲಂಬಿಯಾದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಗರ್ಜಿಯ ದಫ್ತರಗಳು

ಒಂದು ಮನೆ ಸಿಕ್ಕಿತು. ಸ್ವಲ್ಪ ಕಾಲದಲ್ಲೇ ಇನ್ನೊಂದು ಊರಿನಲ್ಲಿ ಇನ್ನೊಂದು ಮನೆ. ಇವರಿಗೂ ಅವರಿಗೂ ನೆಂಟಸ್ತನ ಇದೆಯೇ? ಕೇಳಿದರೆ ಯಾರಿಗೂ ಗೊತ್ತಿಲ್ಲ. ಇಲ್ಲಿ ನೆರವಿಗೆ ಬಂದದ್ದು ಹಳ್ಳಿಹಳ್ಳಿಯ ಇಗರ್ಜಿಗಳಲ್ಲಿದ್ದ ಹಳೆಯ ದಫ್ತರಗಳು. ಯಾವ ಮಗುವಿಗೆ ಯಾವ ದಿನ ದೀಕ್ಷಾಸ್ನಾನ, ಯಾರಿಗೆ ಯಾರೊಡನೆ ಮದುವೆ, ಯಾರ ಮರಣ ಯಾವಾಗ ಎಂಬುದನ್ನೆಲ್ಲ ತಲೆಮಾರುಗಳಿಂದ ಪಾದ್ರಿಗಳು ಬರೆದಿಟ್ಟಿದ್ದರು. ಮರಣದ ಎದುರು ಕೆಲವೆಡೆ ಕಾರಣವೂ ಇತ್ತು.

ಲೊಪೆರಾ ಅವರ ತಂಡದ ದಾದಿ ಲೂಸಿಯಾ ಮಾದ್ರಿಗಾಲ್ ಈ ದಫ್ತರಗಳನ್ನೂ ಮನೆಮಂದಿಯ ನೆನಪುಗಳನ್ನೂ ಜೋಡಿಸುತ್ತ ವಂಶವೃಕ್ಷ ಬರೆಯುತ್ತ ಹೋದರು. ಬೇರೆ ಬೇರೆ ಎಂದುಕೊಂಡಿದ್ದ ಮನೆತನಗಳ ಕೊಂಬೆಗಳು ಹಿಂದೆ ಹಿಂದೆ ಹೋದಂತೆ ಒಂದೇ ಕಾಂಡಕ್ಕೆ ಬಂದು ಸೇರಿದವು. ಹೀಗೆ ಗುರುತಾದ ಕುಟುಂಬಗಳು 25. ಅವುಗಳ ಸದಸ್ಯರು ಸುಮಾರು 6,000. ಅವರಲ್ಲಿ ಸುಮಾರು 1,200 ಮಂದಿ ರೋಗದ ಬೀಜವನ್ನು ಹೊತ್ತವರು. ಒಂದೇ ವಂಶವಾಹಿ ದೋಷದಿಂದ ಅಲ್ಜೀಮರ್ ಬರುವ ಇಷ್ಟು ದೊಡ್ಡ ಬಳಗ ಪ್ರಪಂಚದಲ್ಲಿ ಬೇರೆಲ್ಲೂ ಗುರುತಾಗಿಲ್ಲ.

ಇದೇ ನಾಡಿನಲ್ಲಿ ಏಕೆ? ಬೆಟ್ಟಗಳ ನಡುವಿನ ಊರುಗಳಿಗೆ ಬಹುಕಾಲ ಸರಿಯಾದ ರಸ್ತೆ ಇರಲಿಲ್ಲ. ಒಂದೊಂದು ಮನೆಯಲ್ಲಿ ಹತ್ತು, ಹದಿನೈದು ಮಕ್ಕಳು ಹುಟ್ಟುತ್ತಿದ್ದರು. ಕೊಡು ಕೊಳ್ಳುವುದು ನೆರೆಹೊರೆಯಲ್ಲೇ. ಯಾವ ಕಾಲದಲ್ಲೋ ಬಂದ ಒಬ್ಬರ ರಕ್ತದಲ್ಲಿದ್ದ ದೋಷ ಅಲ್ಲಲ್ಲೇ ಹಬ್ಬಲು ಇಷ್ಟು ಸಾಕಾಯಿತು. ರೋಗ ಕಾಣಿಸುವ ಮೊದಲೇ ಮದುವೆಯಾಗಿ ಮಕ್ಕಳೂ ಆಗಿರುತ್ತಿದ್ದರಲ್ಲ! ಈ ದೋಷ ಹೊತ್ತವರ ವಂಶವಾಹಿಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನ, ಇವರೆಲ್ಲರ ಮೂಲ ವ್ಯಕ್ತಿ ಸುಮಾರು 375 ವರ್ಷಗಳ ಹಿಂದೆ ಬದುಕಿದ್ದಿರಬೇಕೆಂದೂ, ಆ ವಂಶದ ಬೇರು ಸ್ಪೇನ್ ಕಡೆಯದೆಂದೂ ಅಂದಾಜು ಮಾಡಿತು. ಸ್ಪೇನಿನವರು ಅಮೆರಿಕ ಖಂಡಕ್ಕೆ ಬಂದು ನೆಲೆಸುತ್ತಿದ್ದ ಕಾಲವದು.

ಹಾಲು ಹೋಗಿ ಹಾಳು

1990ರ ದಶಕದ ಆರಂಭದಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ನರವಿಜ್ಞಾನಿ ಕೆನೆತ್ ಕೋಸಿಕ್ ಲೊಪೆರಾ ಅವರ ಜೊತೆಗೂಡಿದರು. ಇದು ನಿಜವಾಗಿಯೂ ಅಲ್ಜೀಮರ್ ಕಾಯಿಲೆಯೇ ಎಂದು ಖಚಿತಪಡಿಸಿಕೊಳ್ಳಲು ಮೃತರ ಮಿದುಳನ್ನು ಪರೀಕ್ಷಿಸಬೇಕಾಗಿತ್ತು. ಸಂಪ್ರದಾಯಸ್ಥ ಕ್ಯಾಥೊಲಿಕ್ ಮನೆಗಳಲ್ಲಿ ಇದನ್ನು ಕೇಳುವುದೇ ಕಷ್ಟ. ಆದರೂ 1995ರಲ್ಲಿ ಒಂದು ಕುಟುಂಬ ಒಪ್ಪಿತು. ಸೂಕ್ಷ್ಮದರ್ಶಕದಡಿ ಕಂಡದ್ದು ಅಲ್ಜೀಮರ್ ಕಾಯಿಲೆಯ ಗುರುತುಗಳೇ.

ಅದೇ 1995ರಲ್ಲಿ ಕೆನಡಾದ ಟೊರಾಂಟೊ ನಗರದ ವಿಜ್ಞಾನಿಗಳ ಮುಂದಾಳತ್ವದಲ್ಲಿ, 14ನೇ ವರ್ಣತಂತುವಿನ ಮೇಲಿರುವ ಪ್ರೆಸೆನಿಲಿನ್-1 ಎಂಬ ವಂಶವಾಹಿ ಪತ್ತೆಯಾಯಿತು. ಆಂಟಿಯೋಕಿಯಾದ ಮನೆತನಗಳ ದೋಷವೂ ಅದರಲ್ಲೇ ಇರುವುದು ಕಂಡುಬಂತು. ಈ ವಂಶವಾಹಿಯ ಆದೇಶದಂತೆ ತಯಾರಾಗುವ ಪ್ರೊಟೀನಿನಲ್ಲಿ 280ನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕು. ಇವರಲ್ಲಿ ಅದರ ಜಾಗಕ್ಕೆ ಅಲನಿನ್ ಬಂದು ಕೂತಿದೆ. ಉದ್ದನೆಯ ಪುಸ್ತಕದಲ್ಲಿ 'ಹಾಲು' ಎಂದಿರಬೇಕಾದ ಒಂದೇ ಒಂದು ಕಡೆ 'ಹಾಳು' ಎಂದು ಅಚ್ಚಾದಂತೆ. ಆಂಟಿಯೋಕಿಯಾ ಸುತ್ತಿನ ಜನರನ್ನು ಆ ದೇಶದಲ್ಲಿ 'ಪಾಯಿಸಾ' ಎನ್ನುತ್ತಾರೆ. ಆದ್ದರಿಂದ ಈ ದೋಷಕ್ಕೆ 'ಪಾಯಿಸಾ ಮಾರ್ಪಾಡು' ಎಂಬ ಹೆಸರಾಯಿತು.

ಒಂದು ಅಕ್ಷರ ತಪ್ಪಿದರೆ ಇಷ್ಟು ಅನಾಹುತವೇ? ಮಿದುಳಿನ ಜೀವಕೋಶಗಳ ಹೊರಪೊರೆಯಲ್ಲಿ ಒಂದು ಉದ್ದನೆಯ ಪ್ರೊಟೀನು ಇರುತ್ತದೆ. ಅದನ್ನು ತುಂಡರಿಸುವ ಕತ್ತರಿಯ ಅಲಗಿನಂತೆ ಕೆಲಸ ಮಾಡುವುದು ಪ್ರೆಸೆನಿಲಿನ್. ಅಲಗು ಸರಿಯಿಲ್ಲದಾಗ ಅಂಟುವ ಗುಣವುಳ್ಳ ತುಂಡುಗಳ ಪಾಲು ಹೆಚ್ಚುತ್ತದೆ. ಅಮಿಲಾಯ್ಡ್ ಎನ್ನುವ ಈ ತುಂಡುಗಳು ಕೋಶಗಳ ಹೊರಗೆ ಗಂಟುಗಟ್ಟುತ್ತವೆ. ಮುಂದೆ ಕೋಶಗಳ ಒಳಗೆ ಟಾವ್ ಎಂಬ ಇನ್ನೊಂದು ಪ್ರೊಟೀನು ಸಿಕ್ಕುಸಿಕ್ಕಾಗುತ್ತದೆ, ಕೋಶಗಳು ಸಾಯುತ್ತವೆ. ಈ ಬಳಗದವರ ಮಿದುಳಿನ ಚಿತ್ರಗಳನ್ನು ತೆಗೆದು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಿಳಿದ ಸಂಗತಿ ಬೆಚ್ಚಿಬೀಳಿಸುವಂಥದು: ಅಮಿಲಾಯ್ಡ್ ಶೇಖರವಾಗತೊಡಗುವುದು ಸುಮಾರು 28ನೇ ವಯಸ್ಸಿನಲ್ಲೇ! ಮರೆವು ಮೊದಲು ಕಾಣುವುದು ಸರಾಸರಿ 44ರಲ್ಲಿ, ಪೂರ್ಣ ಪ್ರಮಾಣದ ಮರೆಗುಳಿತನ 49ರಲ್ಲಿ. ಅಂದರೆ ಹದಿನಾರು ವರ್ಷ ರೋಗ ಸದ್ದಿಲ್ಲದೆ ಒಳಗೇ ಬೆಳೆದಿರುತ್ತದೆ.

ತಂದೆ ಅಥವಾ ತಾಯಿ, ಯಾರಾದರೂ ಒಬ್ಬರಲ್ಲಿ ಈ ದೋಷವಿದ್ದರೆ ಸಾಕು. ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ನಾಣ್ಯ ಚಿಮ್ಮಿದ ಹಾಗೆ. ಅಣ್ಣನಿಗೆ ಬಂದಿತೆಂದು ತಂಗಿಗೆ ತಪ್ಪುವುದಿಲ್ಲ, ಅಣ್ಣನಿಗೆ ಬರಲಿಲ್ಲವೆಂದು ತಂಗಿಗೆ ಬರಲೇಬೇಕೆಂದೂ ಇಲ್ಲ. ದೋಷ ಬಾರದ ಮಗುವಿನಿಂದ ಮುಂದಿನ ಪೀಳಿಗೆಗೆ ಅದು ಹೋಗುವುದೂ ಇಲ್ಲ.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ಮನೆಯಲ್ಲಿ ಎಂಬತ್ತು ವರ್ಷದ ಅಜ್ಜಿಗೆ ಮರೆವು ಇದೆಯೆಂದಾಕ್ಷಣ ಮೊಮ್ಮಕ್ಕಳು ಹೆದರಬೇಕಾಗಿಲ್ಲ. ಹೀಗೆ ಒಂದೇ ವಂಶವಾಹಿಯ ದೋಷದಿಂದ ಖಚಿತವಾಗಿ ಬರುವ ಅಲ್ಜೀಮರ್ ಒಟ್ಟು ರೋಗಿಗಳಲ್ಲಿ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಮಂದಿಯಲ್ಲಿ ಮಾತ್ರ. ಪ್ರೆಸೆನಿಲಿನ್-1 ಅಲ್ಲದೆ ಇನ್ನೆರಡು ವಂಶವಾಹಿಗಳ ದೋಷಗಳೂ ಹೀಗೆ ಮಾಡಬಲ್ಲವು. ಸಾಮಾನ್ಯವಾಗಿ ಮುಪ್ಪಿನಲ್ಲಿ ಕಾಣುವ ಅಲ್ಜೀಮರ್‌ಗೆ ವಯಸ್ಸು, ಹಲವು ವಂಶವಾಹಿಗಳು, ಬದುಕಿನ ರೀತಿ ಎಲ್ಲವೂ ಸೇರಿ ಕಾರಣ. ಆದರೂ ಈ ರೋಗವನ್ನು ಮೊದಲು ಗುರುತಿಸಿದ ಜರ್ಮನಿಯ ವೈದ್ಯ ಅಲೋಯ್ಸ್ ಅಲ್ಜೀಮರ್ 1901ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಕಂಡ ಮಹಿಳೆಯ ವಯಸ್ಸು ಬರೀ 51 ಆಗಿತ್ತು ಎಂಬುದು ನೆನಪಿಡತಕ್ಕದ್ದು.

ಗುಂಡಿನ ಸದ್ದಿನ ನಡುವೆ

ಈ ಕೆಲಸ ನಡೆದ ಕಾಲ ಸುಖದ್ದಾಗಿರಲಿಲ್ಲ. ಮೆಡೆಯಿನ್ ನಗರ ಆಗ ಮಾದಕ ವಸ್ತು ಸಾಗಣೆದಾರರ ಹಿಡಿತದಲ್ಲಿ ನಲುಗುತ್ತಿತ್ತು. ಪಾಬ್ಲೊ ಎಸ್ಕೊಬಾರ್ ಪೊಲೀಸರ ಗುಂಡಿಗೆ ಬಲಿಯಾದದ್ದು 1993ರ ಡಿಸೆಂಬರ್‌ನಲ್ಲಿ. ಉತ್ತರದ ಬೆಟ್ಟಗಳಲ್ಲಿ ಗೆರಿಲ್ಲಾಗಳು ಒಂದೆಡೆ, ಅವರ ವಿರುದ್ಧದ ಖಾಸಗಿ ಸೇನೆಗಳು ಇನ್ನೊಂದೆಡೆ. ರಕ್ತದ ಮಾದರಿ ಸಂಗ್ರಹಿಸಲು ಹೋದ ದಾದಿಯೊಬ್ಬರನ್ನು ಗೆರಿಲ್ಲಾಗಳು ದಿನಗಟ್ಟಲೆ ಒತ್ತೆಯಲ್ಲಿಟ್ಟುಕೊಂಡದ್ದೂ ಉಂಟು. ಕೆಲವು ಊರುಗಳಿಗೆ ವರ್ಷಗಟ್ಟಲೆ ಕಾಲಿಡಲಾಗದೆ, ರೋಗಿಗಳನ್ನೇ ಮೆಡೆಯಿನ್‌ಗೆ ಕರೆಸಿಕೊಳ್ಳಬೇಕಾಯಿತು. ಆದರೂ ತಂಡ ಕೆಲಸ ಬಿಡಲಿಲ್ಲ, ಮನೆಯವರು ತಂಡವನ್ನು ಬಿಡಲಿಲ್ಲ.

ಇಂದು ಮೆಡೆಯಿನ್‌ನಲ್ಲಿರುವ ವಿಶ್ವವಿದ್ಯಾಲಯದ ಸಂಶೋಧನಾ ಕಟ್ಟಡದಲ್ಲಿ ಮಿದುಳು ಭಂಡಾರವಿದೆ. ಅಲ್ಲಿರುವ ಮಿದುಳುಗಳ ಸಂಖ್ಯೆ ಐನೂರನ್ನು ದಾಟಿದೆ. ಮನೆಯಲ್ಲಿ ಸಾವಾದಾಗ, ಹಗಲಿರಲಿ ಇರುಳಿರಲಿ, ಮನೆಯವರೇ ಫೋನ್ ಮಾಡಿ ತಿಳಿಸುತ್ತಾರೆ. ಕೆಲವೇ ಗಂಟೆಗಳಲ್ಲಿ ಮಿದುಳನ್ನು ತೆಗೆದು, ಅರ್ಧಭಾಗವನ್ನು ಶೈತ್ಯಪೆಟ್ಟಿಗೆಯಲ್ಲಿ ಕಾಪಿಡಬೇಕು. ದುಃಖದ ಆ ಹೊತ್ತಿನಲ್ಲಿ ಅಷ್ಟು ಮಾಡುವುದು ಸಣ್ಣ ಮಾತಲ್ಲ.

ತಿಳಿಯಬೇಕೆ, ಬೇಡವೆ?

ದೋಷದ ಗುರುತು ಸಿಕ್ಕಿದ ಮೇಲೆ ರಕ್ತಪರೀಕ್ಷೆಯಿಂದ ಯಾರಿಗಿದೆ, ಯಾರಿಗಿಲ್ಲ ಎಂದು ಹೇಳುವುದು ಸುಲಭ. ಹೇಳಬೇಕೆ ಎಂಬುದೇ ಪ್ರಶ್ನೆ. ಇಪ್ಪತ್ತರ ಹರೆಯದ ಕಾಲೇಜು ಹುಡುಗಿಗೆ ನಿನ್ನಲ್ಲಿ ದೋಷವಿದೆ, ಔಷಧಿ ಇಲ್ಲ ಎಂದರೆ ಅವಳು ಏನು ಮಾಡಬೇಕು? ಓದು, ಮದುವೆ, ಮಕ್ಕಳು ಎಲ್ಲದರ ಲೆಕ್ಕವೂ ಬದಲಾಗುತ್ತದೆ. ದಶಕಗಳ ಕಾಲ ಲೊಪೆರಾ ಅವರ ತಂಡ ಸಂಶೋಧನೆಯ ಫಲಿತಾಂಶವನ್ನು ಅವರವರಿಗೆ ತಿಳಿಸದಿರುವ ಕಟ್ಟುಪಾಡನ್ನು ಇಟ್ಟುಕೊಂಡಿತ್ತು. ತಿಳಿಯುವ ಹಕ್ಕಿನಂತೆ ತಿಳಿಯದಿರುವ ಹಕ್ಕೂ ಮನುಷ್ಯನಿಗೆ ಇದೆ ಎಂಬುದು ಇದರ ಹಿಂದಿನ ವಿಚಾರ. ಇದಕ್ಕೆ ಎದುರು ವಾದವೂ ಇದೆ. ಮಕ್ಕಳನ್ನು ಪಡೆಯುವ ಮೊದಲು ತಿಳಿದುಕೊಳ್ಳಬೇಕೆನ್ನುವ ತರುಣರಿಗೆ ಇಲ್ಲ ಎನ್ನಲು ಬೇರೆಯವರು ಯಾರು? ರಕ್ತ ಕೊಟ್ಟವರಿಗೆ ಅದರಲ್ಲಿ ಕಂಡದ್ದನ್ನು ಹೇಳದಿರುವುದು ನ್ಯಾಯವೇ? ಎರಡರಲ್ಲೂ ಹುರುಳಿದೆ.

2013ರಲ್ಲಿ ಆರಂಭವಾದ ಔಷಧಿ ಪ್ರಯೋಗ ಈ ತೊಡಕನ್ನು ಜಾಣತನದಿಂದ ಬಿಡಿಸಿತು. ಅಮೆರಿಕದ ಬ್ಯಾನರ್ ಅಲ್ಜೀಮರ್ ಸಂಸ್ಥೆ, ಜೆನೆನ್‌ಟೆಕ್ ಕಂಪನಿ ಮತ್ತು ಲೊಪೆರಾ ತಂಡ ಸೇರಿ ಕ್ರೆನೆಜುಮ್ಯಾಬ್ ಎಂಬ ಔಷಧಿಯನ್ನು, ಇನ್ನೂ ರೋಗ ಕಾಣಿಸದವರಿಗೆ ಮುಂಚಿತವಾಗಿಯೇ ಕೊಟ್ಟು ನೋಡಲು ಹೊರಟವು. ಸೇರಿದವರು 252 ಮಂದಿ. ಅವರಲ್ಲಿ 169 ಮಂದಿ ದೋಷ ಹೊತ್ತವರು. 83 ಮಂದಿ ದೋಷವಿಲ್ಲದವರು. ದೋಷವಿಲ್ಲದವರಿಗೆಲ್ಲ ಔಷಧಿಯಿಲ್ಲದ ಹುಸಿ ಚುಚ್ಚುಮದ್ದು. ದೋಷವುಳ್ಳವರಲ್ಲಿ ಕೆಲವರಿಗೆ ಔಷಧಿ, ಕೆಲವರಿಗೆ ಹುಸಿ. ಹೀಗಾಗಿ ಚುಚ್ಚುಮದ್ದು ತೆಗೆದುಕೊಂಡ ಮಾತ್ರಕ್ಕೆ ತನ್ನಲ್ಲಿ ದೋಷವಿದೆ ಎಂದು ಯಾರಿಗೂ ತಿಳಿಯುವಂತಿರಲಿಲ್ಲ. ತಮಗೆ ಯಾವ ಲಾಭವೂ ಇಲ್ಲದ 83 ಮಂದಿ, ಅಕ್ಕತಂಗಿಯರ, ಅಣ್ಣತಮ್ಮಂದಿರ ಗುಟ್ಟು ಉಳಿಯಲೆಂದು ವರ್ಷಗಟ್ಟಲೆ ಸೂಜಿ ಚುಚ್ಚಿಸಿಕೊಂಡರು! ತಾವು ಹಾಗೆ ಮಾಡುತ್ತಿದ್ದೇವೆಂಬುದೂ ಅವರಿಗೆ ಗೊತ್ತಿರಲಿಲ್ಲ.

2022ರ ಜೂನ್‌ನಲ್ಲಿ ಫಲಿತಾಂಶ ಬಂತು. ಔಷಧಿಯಿಂದ ಗಣನೀಯ ಪ್ರಯೋಜನ ಕಂಡಿರಲಿಲ್ಲ.

ತಡವಾಗಿ ಬಂದ ಮರೆವು

ನಿರಾಶೆಯ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಇದೇ ಬಳಗದ ಮಹಿಳೆಯೊಬ್ಬರಲ್ಲಿ ದೋಷವಿದ್ದರೂ ಎಪ್ಪತ್ತು ದಾಟುವವರೆಗೆ ಮರೆವು ಸುಳಿಯಲಿಲ್ಲ. ಲೊಪೆರಾ ಅವರ ಬಳಿ ಕಲಿತು ಬಾಸ್ಟನ್‌ಗೆ ಹೋಗಿ ವಿಜ್ಞಾನಿಯಾದ ಕೊಲಂಬಿಯಾದ ಯಾಕೀಲ್ ಕಿರೋಸ್ ಮತ್ತು ಅವರ ಸಂಗಡಿಗರು ಈ ಮಹಿಳೆಯನ್ನು ಅಲ್ಲಿಗೆ ಕರೆಸಿ ಮಿದುಳಿನ ಚಿತ್ರ ತೆಗೆದರು. ಅಮಿಲಾಯ್ಡ್ ತುಂಬಿಕೊಂಡಿತ್ತು, ಟಾವ್ ಸಿಕ್ಕುಗಳು ಮಾತ್ರ ಬಹಳ ಕಡಿಮೆ. ಎಪಿಒಇ ಎಂಬ ಇನ್ನೊಂದು ವಂಶವಾಹಿಯಲ್ಲಿದ್ದ ಅಪರೂಪದ ಮಾರ್ಪಾಡು ತಂದೆ ತಾಯಿ ಇಬ್ಬರಿಂದಲೂ ಇವರಿಗೆ ಬಂದು, ಕವಚವಾಗಿ ನಿಂತಿತ್ತು. ನ್ಯೂಜಿಲೆಂಡಿನ ಊರೊಂದರ ಹೆಸರಿನಿಂದ 'ಕ್ರೈಸ್ಟ್‌ಚರ್ಚ್' ಎಂದು ಕರೆಯುವ ಈ ಮಾರ್ಪಾಡಿನ ಸುದ್ದಿ 2019ರಲ್ಲಿ ಪ್ರಕಟವಾಯಿತು. 2023ರಲ್ಲಿ ಇನ್ನೊಬ್ಬ ಸದಸ್ಯರ ವಿಷಯ ಬಂತು. ರೀಲಿನ್ ಎಂಬ ಪ್ರೊಟೀನಿನಲ್ಲಿದ್ದ ಮಾರ್ಪಾಡಿನಿಂದ ಅವರು 67ರವರೆಗೆ ಚೆನ್ನಾಗಿದ್ದರು. 2024ರ ಅಧ್ಯಯನವೊಂದು, ಕ್ರೈಸ್ಟ್‌ಚರ್ಚ್ ಮಾರ್ಪಾಡು ಒಬ್ಬ ಪಾಲಕರಿಂದ ಮಾತ್ರ ಬಂದಿದ್ದ 27 ಮಂದಿಯಲ್ಲೂ ರೋಗ ಸುಮಾರು ಐದು ವರ್ಷ ತಡವಾದುದನ್ನು ತೋರಿಸಿತು. ಈ ಕವಚದಂತೆ ಕೆಲಸ ಮಾಡುವ ಔಷಧಿ ತಯಾರಿಸುವ ಯತ್ನ ಪ್ರಯೋಗಶಾಲೆಗಳಲ್ಲಿ ನಡೆದಿದೆ. ವಿಷ ಇದ್ದ ಬಳಗದಲ್ಲೇ ಅದಕ್ಕೆ ತಡೆಯೂ ಇತ್ತು ಎಂಬುದು ತಿಳಿದದ್ದು, ಆ ಜನ ನಾಲ್ಕು ದಶಕ ತಾಳ್ಮೆಯಿಂದ ಪರೀಕ್ಷೆಗೆ ಒಡ್ಡಿಕೊಂಡಿದ್ದರಿಂದ.

ಆದರೆ ಬೆಟ್ಟದ ಮನೆಗಳಲ್ಲಿ ದಿನಗಳು ಮೊದಲಿನಂತೆಯೇ ಸಾಗುತ್ತಿವೆ. ರೋಗಿಯ ಆರೈಕೆ ಹೆಚ್ಚಾಗಿ ಹೆಂಡತಿಯ, ಹೆಣ್ಣುಮಕ್ಕಳ ಪಾಲಿಗೆ. ಶಾಲೆ ಬಿಟ್ಟು ತಾಯಿಯನ್ನು ನೋಡಿಕೊಂಡವರು, ತಾಯಿ ಹೋದ ಮೇಲೆ ಅಣ್ಣನನ್ನು ನೋಡಿಕೊಳ್ಳುವವರು ಇದ್ದಾರೆ. ದೋಷ ಬಾರದವರೂ ಈ ರೋಗದಿಂದ ಪಾರಾದವರಲ್ಲ.

ಫ್ರಾನ್ಸಿಸ್ಕೋ ಲೊಪೆರಾ 2024ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಔಷಧಿಯನ್ನು ಅವರು ಕಾಣಲಿಲ್ಲ. ಅವರಿಂದ ಆ ಮನೆಗಳಿಗೆ ಸಿಕ್ಕಿದ್ದು ಒಂದು ಉತ್ತರ. ಕಾಣಿಕೆ ಹಣ ಯಾರೂ ಕದ್ದಿರಲಿಲ್ಲ, ಯಾರ ಶಾಪವೂ ತಟ್ಟಿರಲಿಲ್ಲ, ತಾತನ ತಪ್ಪು ಏನೂ ಇರಲಿಲ್ಲ. ಯಾರುಮಾಲ್‌ನ ಮಕ್ಕಳು ಈಗ ಇದನ್ನು ಪೆದ್ದುತನವೆನ್ನದೆ ಅಲ್ಜೀಮರ್ ಎಂದೇ ಕರೆಯುತ್ತಾರೆ. ಲೊಪೆರಾ ಕಟ್ಟಿದ ತಂಡದಲ್ಲಿ ಈಗ ಅವರ ಶಿಷ್ಯರಿದ್ದಾರೆ. ಉತ್ತರದ ಊರುಗಳಿಂದ ಬರುವ ಬಳಗದವರು ಇಂದಿಗೂ ಮೆಡೆಯಿನ್‌ನ ಆ ಕಟ್ಟಡದ ಮೆಟ್ಟಿಲು ಹತ್ತಿ, ನೆನಪಿನ ಪರೀಕ್ಷೆಗೆ ಕೂರುತ್ತಾರೆ, ರಕ್ತ ಕೊಟ್ಟು ಊರಿನ ಬಸ್ಸು ಹಿಡಿಯುತ್ತಾರೆ.